ದೇವರ ಹೆಸರಿನಲ್ಲಿ ಕೇಳುವ ಬೇರೆ ಪ್ರಶ್ನೆಗಳು

ರಾಯಚೂರಿನ ತೀನ್ ಕಂದೀಲ್‌ನಿಂದ ಸ್ವಲ್ಪ ಒಳಗೆ ಹೋದರೆ, ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿಯೊಂದಿದೆ. ಅದರ ಮಾಲೀಕ ನನ್ನ ಹಳೆಯ ಗೆಳೆಯ, ಐದು ಹೊತ್ತಿನ ನಮಾಜಿ. ಒಂದು ರಂಜಾನ್ ಮಧ್ಯಾಹ್ನ ನಾನು ಅಲ್ಲಿನ ಬೆಂಚಿನ ಮೇಲೆ ಕುಳಿತಿದ್ದೆ. ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ಮೋಟಾರು ಒಯ್ಯಲು ಬಂದ ಗೊಬ್ಬರದ ಅಂಗಡಿಯವರು ಮಾತು ಶುರು ಮಾಡಿದರು: ‘ಈ ಉರಿಯಲ್ಲಿ ಹನಿ ನೀರೂ ಕುಡಿಯಬೇಡ ಎನ್ನುವ ದೇವರಿಗೆ ಕರುಣೆ ಬೇಡವೇ?’ ಪಕ್ಕದಲ್ಲಿ ಕೆಎಎಸ್ ಪರೀಕ್ಷೆಗೆ ಓದುತ್ತಿರುವ ಹುಡುಗನೊಬ್ಬನಿದ್ದ. ಅವನಿಗೆ ಹುರುಪು ಬಂತು. ಅಲ್ಲಾಹನನ್ನು ಕಂಡವರು ಯಾರು? ಎಲ್ಲವನ್ನೂ ಅವನು ಸೃಷ್ಟಿಸಿದ್ದರೆ ಅವನನ್ನು ಸೃಷ್ಟಿಸಿದವರು ಯಾರು? ಎಲ್ಲವೂ ನಸೀಬಿನಲ್ಲಿ ಬರೆದಂತೆಯೇ ನಡೆಯುವುದಾದರೆ ಕಳ್ಳನ ತಪ್ಪೇನು? ಅಲ್ಲಿಂದ ಮಾತು ಬುರ್ಖಾಕ್ಕೆ ಜಿಗಿಯಿತು, ಬುರ್ಖಾದಿಂದ ವಂದೇ ಮಾತರಂಗೆ, ಅಲ್ಲಿಂದ ಕ್ರಿಕೆಟ್‌ಗೆ.

ಐದು ನಿಮಿಷವೂ ಆಗಿರಲಿಲ್ಲ. ಯಾರ ದನಿಯಲ್ಲೂ ವಿಷವಿರಲಿಲ್ಲ, ಅದನ್ನು ಹೇಳಲೇಬೇಕು. ಗೆಳೆಯ ನಗುತ್ತಲೇ ಇದ್ದ. ಆದರೆ ಆ ನಗೆ ಉತ್ತರವಾಗಿರಲಿಲ್ಲ. ಇಂಥ ಸಂದರ್ಭಗಳಲ್ಲಿ ಈ ಸೀಮೆಯ ಮುಸ್ಲಿಮನೊಬ್ಬನು ಬಾಲ್ಯದಿಂದ ಕಲಿತಿರುವ ನಗೆ ಅದು. ಅಂದಿನಿಂದ ನಾನು ಇಂಥ ಮಾತುಕತೆಗಳನ್ನು ಗಮನಿಸುತ್ತ ಬಂದಿದ್ದೇನೆ. ಗಂಗಾವತಿಯ ರೈಸ್ ಮಿಲ್ ಮುಂದೆ, ಬಳ್ಳಾರಿಯ ಹಾಸ್ಟೆಲ್ ಕೋಣೆಯಲ್ಲಿ, ಸಿಂಧನೂರಿನ ಬಸ್ಸಿನಲ್ಲಿ. ನನಗೆ ಅನ್ನಿಸುವುದು ಇಷ್ಟು: ಮುಸ್ಲಿಮನೊಬ್ಬನ ಮುಂದೆ ದೇವರ ಹೆಸರಿನಲ್ಲಿ ಇಡುವ ಪ್ರಶ್ನೆಗಳಲ್ಲಿ ಹೆಚ್ಚಿನವು ದೇವರ ಕುರಿತಾದ ಪ್ರಶ್ನೆಗಳಲ್ಲ. ನಿಜವಾಗಿ ದೇವರ ಕುರಿತೇ ಆದವನ್ನು ಆ ಪರಂಪರೆಯೇ ಇನ್ನಷ್ಟು ಹರಿತವಾಗಿ ಕೇಳಿಕೊಂಡಿದೆ. ಇದು ಕೇಳುವವನಿಗೂ ಗೊತ್ತಿರುವುದಿಲ್ಲ, ಉತ್ತರಿಸುವವನಿಗೂ ಬಹುಪಾಲು ಗೊತ್ತಿರುವುದಿಲ್ಲ.

‘ಕಂಡವರು ಯಾರು’ ಎಂಬುದನ್ನೇ ಮೊದಲು ನೋಡೋಣ. ಸಾಕ್ಷ್ಯವೆಂದರೆ ಏನೆಂಬುದನ್ನು ರಾಯಚೂರು ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೇಶದ ಉದ್ದಗಲಕ್ಕೂ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಅರಸನೊಬ್ಬನು ಮಾತನಾಡುತ್ತಿದ್ದ. ಅವನು ಅಶೋಕನೇ ಇರಬೇಕೆಂದು ಸಿಂಹಳದ ವೃತ್ತಾಂತಗಳನ್ನು ಹಿಡಿದು ವಿದ್ವಾಂಸರು ಅನುಮಾನಿಸಿದ್ದರು. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಅವರಿಗೆ ಮಸ್ಕಿಯ ಬಂಡೆ ಕಣ್ಣಿಗೆ ಬಿತ್ತು. ಅದರ ಮೇಲೆ ಅಶೋಕನ ಹೆಸರೇ ಇತ್ತು. ಅನುಮಾನ ಅಲ್ಲಿಗೆ ಮುಗಿಯಿತು. ಧರ್ಮಗಳ ಒಳಗೂ ಹೀಗೆ ಬಂಡೆಯೊಂದು ತೀರ್ಮಾನಿಸಬಲ್ಲ ಪ್ರಶ್ನೆಗಳಿವೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿರುವ ಕುರ್‌ಆನ್‌ನ ಎರಡು ಹಾಳೆಗಳ ಚರ್ಮವನ್ನು ರೇಡಿಯೋಕಾರ್ಬನ್ ಪರೀಕ್ಷೆಗೆ ಒಡ್ಡಿದಾಗ ಅದು ಕ್ರಿ.ಶ. 568ರಿಂದ 645ರ ನಡುವಿನದೆಂದು ಗೊತ್ತಾಯಿತು. ಆ ಫಲಿತಾಂಶ ಹೊರಬಿದ್ದದ್ದು 2015ರಲ್ಲಿ. ಪ್ರವಾದಿಯವರು ತೀರಿಕೊಂಡದ್ದು 632ರಲ್ಲಿ. ಗ್ರಂಥದ ಪ್ರಾಚೀನತೆಯ ಚರ್ಚೆಗೆ ಇದು ಭಾರವಾದ ಪುರಾವೆ. ಆದರೆ ಚರ್ಮ ಎಷ್ಟು ಹಳೆಯದೆಂದು ಹೇಳುವ ಯಂತ್ರ, ಅದರ ಮೇಲಿನ ಮಾತು ಯಾರದೆಂದು ಹೇಳುವುದಿಲ್ಲ. ದೇವರಿಗೆ ಮಸ್ಕಿಯ ಬಂಡೆ ಇಲ್ಲ. ನಂಬಿಕೆಯವನು ಸಾಕ್ಷ್ಯವಿದೆ ಎಂದು ಹಟ ಹಿಡಿದರೂ, ಸಂದೇಹಿ ಬಂಡೆ ಸಿಗಲಿಲ್ಲವೆಂದು ಗೆದ್ದ ಮುಖ ಮಾಡಿದರೂ, ಇಬ್ಬರೂ ಈ ವ್ಯತ್ಯಾಸವನ್ನು ಮರೆತಿರುತ್ತಾರೆ.

ಇದನ್ನು ಮರೆಯದಿದ್ದವರು ನಮ್ಮಲ್ಲೇ ಇದ್ದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚಿಸಿದಾಗ ಅದರ ಹೆಸರಿನಲ್ಲೇ ಒಂದು ಎಚ್ಚರವಿತ್ತು: ‘ಪರೀಕ್ಷಿಸಲು ಸಾಧ್ಯವಿರುವ’ ಮೂಢನಂಬಿಕೆಗಳು. ಗಾಳಿಯಿಂದ ಬೂದಿ ತೆಗೆಯುವವನನ್ನು ಪರೀಕ್ಷಿಸಬಹುದು. ತಾಯಿತದಿಂದ ಜ್ವರ ಇಳಿಯುತ್ತದೆ ಎನ್ನುವವನನ್ನೂ ಪರೀಕ್ಷಿಸಬಹುದು, ಪರೀಕ್ಷಿಸಲೇಬೇಕು. ರಾಯಚೂರು, ಕೊಪ್ಪಳ, ಬಳ್ಳಾರಿ ಈ ಮೂರೂ ಜಿಲ್ಲೆಗಳಲ್ಲಿ ತಾಯಿತ ಬರೆದುಕೊಟ್ಟು ದುಡ್ಡು ಮಾಡುವವರಿಗೆ ಕೊರತೆಯಿಲ್ಲ, ಅವರ ಗಿರಾಕಿಗಳಿಗೆ ಜಾತಿಮತದ ಭೇದವೂ ಇಲ್ಲ.

ಇನ್ನು ‘ದೇವರನ್ನು ಸೃಷ್ಟಿಸಿದವರು ಯಾರು?’ ಹುಡುಗ ಇದನ್ನು ತಾನೇ ಕಂಡುಹಿಡಿದ ಅಸ್ತ್ರದಂತೆ ಎಸೆದ. ಅದು ಪ್ರವಾದಿಯವರ ನಡೆನುಡಿಗಳ ವರದಿಗಳಾದ ಹದೀಸ್‌ಗಳ ಸಂಗ್ರಹದಲ್ಲೇ ಇದೆ. 9ನೇ ಶತಮಾನದ ಬುಖಾರಿ ಮತ್ತು ಮುಸ್ಲಿಂ ಇಬ್ಬರ ಸಂಕಲನಗಳಲ್ಲೂ ಆ ಪ್ರಸಂಗ ಬರುತ್ತದೆ: ಇದನ್ನು ಸೃಷ್ಟಿಸಿದವರು ಯಾರು, ಅದನ್ನು ಸೃಷ್ಟಿಸಿದವರು ಯಾರು ಎಂದು ಕೇಳುತ್ತ ಕೇಳುತ್ತ ಸೈತಾನನು ಕೊನೆಗೆ ನಿನ್ನ ಪ್ರಭುವನ್ನು ಸೃಷ್ಟಿಸಿದವರು ಯಾರು ಎಂದು ಕೇಳುತ್ತಾನೆ. ಅಷ್ಟು ಹೊತ್ತಿಗೆ ದೇವರ ಆಸರೆ ಕೋರಿ ನಿಲ್ಲಿಸಿಬಿಡು ಎಂಬುದು ಅಲ್ಲಿನ ಸಲಹೆ. ಸಂದೇಹಿಗೆ ಇದು ನುಣುಚಿಕೊಳ್ಳುವ ಮಾತಾಗಿ ಕಂಡರೆ ನಾನು ಆಕ್ಷೇಪಿಸುವುದಿಲ್ಲ. ಆದರೆ ‘ಕಲಾಂ’ ಎಂದು ಕರೆಯುವ, ತರ್ಕದಿಂದ ದೇವರ ವಿಚಾರ ಮಾಡುವ ಶಾಸ್ತ್ರದ ಪಂಡಿತರು ನಿಲ್ಲಿಸಲಿಲ್ಲ. ಆರಂಭವಿರುವ ಪ್ರತಿಯೊಂದಕ್ಕೂ ಕಾರಣವಿದೆ, ಜಗತ್ತಿಗೆ ಆರಂಭವಿದೆ, ಆದ್ದರಿಂದ ಅದಕ್ಕೆ ಕಾರಣವಿದೆ, ಆ ಕಾರಣಕ್ಕೆ ಆರಂಭವಿಲ್ಲ ಎಂದು ವಾದ ಕಟ್ಟಿದರು. ಹಾಗಾದರೆ ಜಗತ್ತಿಗೇ ಆರಂಭವಿಲ್ಲವೆಂದು ಏಕೆ ಹೇಳಬಾರದು? ಈ ಮರುಪ್ರಶ್ನೆಯೂ ಹೊರಗಿನಿಂದ ಬಂದದ್ದಲ್ಲ. ತತ್ತ್ವಜ್ಞಾನಿ ಇಬ್ನ್ ಸೀನಾ ಜಗತ್ತು ಅನಾದಿಯೆಂದೇ ಹೇಳಿದ. ಅದಕ್ಕಾಗಿ ಧರ್ಮಪಂಡಿತ ಗಜಾಲಿ ಅವನಂಥವರನ್ನು ಅವಿಶ್ವಾಸಿಗಳೆಂದು ಕರೆದ. ಗಜಾಲಿಯ ಖಂಡನೆಯನ್ನು ಸ್ಪೇನಿನ ಇಬ್ನ್ ರುಷ್ದ್ ಒಂದೊಂದೇ ಅಂಶ ಹಿಡಿದು ಖಂಡಿಸಿದ. ಮೂವರೂ ಮುಸ್ಲಿಮರು. ಇದೆಲ್ಲ ನಡೆದದ್ದು 11 ಮತ್ತು 12ನೇ ಶತಮಾನಗಳಲ್ಲಿ, ಕಲ್ಯಾಣದಲ್ಲಿ ಶರಣರು ತಮ್ಮ ಕಾಲದ ದೇವರುಗಳನ್ನು ಪ್ರಶ್ನೆಗೆ ಒಡ್ಡುತ್ತಿದ್ದ ಹೊತ್ತಿಗೆ ಸ್ವಲ್ಪ ಆಚೀಚೆ.

ಕರುಣೆಯ ಪ್ರಶ್ನೆ ಇದಕ್ಕಿಂತ ಆಳದ್ದು. ಗೊಬ್ಬರದ ಅಂಗಡಿಯವರು ಉಪವಾಸದ ನೆಪದಲ್ಲಿ ಕೇಳಿದ್ದರಿಂದ ಅದು ಹಗುರವಾಯಿತು. ರೋಗಿಗೂ ಪ್ರಯಾಣಿಕನಿಗೂ ಕುರ್‌ಆನ್ ಉಪವಾಸದಿಂದ ವಿನಾಯಿತಿ ಕೊಟ್ಟಿದೆ, ಅಲ್ಲಿಗೆ ಆ ಮಾತು ಮುಗಿಯಿತು. ಆದರೆ 2009ರ ಸೆಪ್ಟೆಂಬರ್ ಕೊನೆಯಲ್ಲಿ ಇದೇ ಸೀಮೆಯಲ್ಲಿ ಮಳೆ ಸುರಿದು, ನದಿಗಳು ಊರೊಳಗೆ ಬಂದು, ಮಣ್ಣಿನ ಮನೆಗಳು ಮಲಗಿದವರ ಮೇಲೆಯೇ ಕುಸಿದವಲ್ಲ, ಆಗಿನ ಪ್ರಶ್ನೆ ಬೇರೆ. ಸರ್ವಶಕ್ತನೂ ದಯಾಮಯನೂ ಆದವನು ಮಗುವಿನ ಮೇಲೆ ಗೋಡೆ ಬೀಳಲು ಹೇಗೆ ಬಿಟ್ಟ?

ಇದಕ್ಕೆ ಇಸ್ಲಾಮಿನ ಬೌದ್ಧಿಕ ಚರಿತ್ರೆಯಲ್ಲಿ ಪ್ರಸಿದ್ಧವಾದ ಒಂದು ಕಥೆಯಿದೆ. ಬಸ್ರಾದಲ್ಲಿ ಅಲ್-ಅಶ್ಅರಿ ತನ್ನ ಗುರು ಅಲ್-ಜುಬ್ಬಾಈಯನ್ನು ಕೇಳಿದನಂತೆ. ಗುರು ಮುಅ್ತಜಿಲಾ ಪಂಥದವನು, ದೇವರು ಪ್ರತಿಯೊಬ್ಬನಿಗೂ ಒಳ್ಳೆಯದನ್ನೇ ಮಾಡಬೇಕಾದ ನ್ಯಾಯಬದ್ಧನೆಂದು ವಾದಿಸುವವನು. ಮೂವರು ಅಣ್ಣತಮ್ಮಂದಿರು. ಒಬ್ಬ ನಂಬಿ ಬಾಳಿ ಸತ್ತ, ಒಬ್ಬ ನಂಬದೆ ಸತ್ತ, ಮೂರನೆಯವನು ಮಗುವಾಗಿದ್ದಾಗಲೇ ಸತ್ತ. ಇವರ ಗತಿಯೇನು? ಮೊದಲನೆಯವನಿಗೆ ಸ್ವರ್ಗದ ಎತ್ತರದ ಸ್ಥಾನ, ಎರಡನೆಯವನಿಗೆ ನರಕ, ಮಗುವಿಗೆ ಶಿಕ್ಷೆಯಿಲ್ಲ, ಆದರೆ ಎತ್ತರದ ಸ್ಥಾನವೂ ಇಲ್ಲ ಎಂದ ಗುರು. ‘ನನ್ನನ್ನು ಬದುಕಲು ಬಿಟ್ಟಿದ್ದರೆ ನಾನೂ ಆ ಸ್ಥಾನ ಗಳಿಸುತ್ತಿದ್ದೆ ಎಂದು ಮಗು ಕೇಳಿದರೆ?’ ‘ನೀನು ದೊಡ್ಡವನಾಗಿದ್ದರೆ ಪಾಪಿಯಾಗುತ್ತಿದ್ದೆ, ನಿನ್ನ ಒಳಿತಿಗೇ ಬೇಗ ಕರೆದುಕೊಂಡೆ ಎಂದು ದೇವರು ಹೇಳುತ್ತಾನೆ.’ ‘ಆಗ ನರಕದೊಳಗಿನಿಂದ ಎರಡನೆಯವನು ಕೂಗುತ್ತಾನೆ: ನಾನು ಹೀಗಾಗುವೆನೆಂದೂ ನಿನಗೆ ಗೊತ್ತಿತ್ತಲ್ಲ, ನನ್ನನ್ನೇಕೆ ಮಗುವಾಗಿದ್ದಾಗ ಕೊಲ್ಲಲಿಲ್ಲ?’ ಗುರುವಿನ ಬಳಿ ಉತ್ತರವಿರಲಿಲ್ಲ.

ಹುಡುಗನ ಮೂರೂ ಪ್ರಶ್ನೆಗಳನ್ನು ಒಟ್ಟುಗೂಡಿಸಿದರೂ ಈ ಒಂದು ಕಥೆಯಷ್ಟು ಕಚ್ಚುವುದಿಲ್ಲ. ಕೇಳಿದವನು ನಾಸ್ತಿಕನೇ? ಅಲ್ಲ. ಇಂದು ಜಗತ್ತಿನ ಸುನ್ನಿಗಳಲ್ಲಿ ಬಹುಪಾಲು ಜನ ಅನುಸರಿಸುವ ಎರಡು ಚಿಂತನಾಪಂಥಗಳಲ್ಲಿ ಒಂದಕ್ಕೆ ಅವನದೇ ಹೆಸರಿದೆ. ಅವನು ತಲುಪಿದ ನಿಲುವು ನನಗೆ ರುಚಿಸುವುದಿಲ್ಲ. ದೇವರು ನಮ್ಮ ನ್ಯಾಯದ ಅಳತೆಗೆ ಸಿಗುವವನಲ್ಲ ಎಂದುಬಿಟ್ಟರೆ ವಾದ ಗೆದ್ದಂತಾಗುತ್ತದೆ, ಗೋಡೆಯಡಿಯ ಮಗು ಅಲ್ಲೇ ಉಳಿಯುತ್ತದೆ. ಆದರೆ ಅವನು ಪ್ರಶ್ನೆಗೆ ಹೆದರಿದನೆಂದು ಹೇಳುವಂತಿಲ್ಲ.

ಗಜಾಲಿಯದು ಇನ್ನೂ ವಿಚಿತ್ರ. 1091ರಲ್ಲಿ ಬಾಗ್ದಾದಿನ ನಿಜಾಮಿಯಾ ವಿದ್ಯಾಪೀಠದ ಅತಿ ದೊಡ್ಡ ಹುದ್ದೆಯಲ್ಲಿ ಕುಳಿತವನು, 1095ರಲ್ಲಿ ಎಲ್ಲ ಬಿಟ್ಟು ಹೊರಟುಹೋದ. ಹಿಂದೊಮ್ಮೆ ಕಣ್ಣು ಕಾಣುವುದನ್ನೂ ಬುದ್ಧಿ ಹೇಳುವುದನ್ನೂ ನಂಬಲಾರದ ಸಂಶಯ ತನ್ನನ್ನು ಸುಮಾರು ಎರಡು ತಿಂಗಳು ಹಿಡಿದಿತ್ತೆಂದು ತನ್ನ ಆತ್ಮಕಥನದಲ್ಲಿ ಬರೆದುಕೊಂಡಿದ್ದಾನೆ. ಅದು ವಾಸಿಯಾದದ್ದು ಯಾವ ಪುರಾವೆಯಿಂದಲೂ ಅಲ್ಲ, ದೇವರು ಎದೆಯೊಳಗೆ ಹಾಕಿದ ಬೆಳಕಿನಿಂದ ಎನ್ನುತ್ತಾನೆ. ಇಸ್ಲಾಮಿನ ಅತಿ ಪ್ರಸಿದ್ಧ ವಕೀಲನೇ ವಾದದಿಂದ ತನಗೆ ನಂಬಿಕೆ ಮರಳಲಿಲ್ಲವೆಂದು ಹೇಳಿರುವಾಗ, ನನ್ನ ಗೆಳೆಯ ಮೋಟಾರು ಬಿಚ್ಚುತ್ತ ಎರಡು ನಿಮಿಷದಲ್ಲಿ ದೇವರನ್ನು ಸಾಬೀತು ಮಾಡಬೇಕೆಂದು ನಾವು ನಿರೀಕ್ಷಿಸುತ್ತೇವೆ.

ನಿರೀಕ್ಷೆಗೆ ತಕ್ಕಂತೆ ಕೆಟ್ಟ ಉತ್ತರಗಳೂ ಹುಟ್ಟುತ್ತವೆ. ಭ್ರೂಣಶಾಸ್ತ್ರ, ಮಹಾಸ್ಫೋಟ, ಸಮುದ್ರದ ಆಳ, ಎಲ್ಲವೂ ಕುರ್‌ಆನ್‌ನಲ್ಲಿ ಮೊದಲೇ ಇದೆ ಎಂಬ ವಿಡಿಯೊಗಳು ಎಲ್ಲರ ಮೊಬೈಲಿನಲ್ಲಿವೆ. ಇದು ಪುರಾಣದಲ್ಲಿ ವಿಮಾನ ಹುಡುಕುವ ಚಟದ ಜೋಡಿ. ವಿಜ್ಞಾನ ಕಂಡುಹಿಡಿದ ಮೇಲಷ್ಟೇ ಗ್ರಂಥದಲ್ಲಿ ಸಿಗುವ ವಿಜ್ಞಾನದಿಂದ ಗ್ರಂಥಕ್ಕೂ ಗೌರವವಿಲ್ಲ. 1979ರ ಭೌತಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಅಬ್ದುಸ್ ಸಲಾಂ ನಿಷ್ಠಾವಂತ ನಂಬಿಕೆಯವರು, ಸ್ಟೀವನ್ ವೈನ್‌ಬರ್ಗ್ ಗಟ್ಟಿ ನಾಸ್ತಿಕರು. ಇಬ್ಬರೂ ಬೇರೆಬೇರೆಯಾಗಿ ತಲುಪಿದ ಸಿದ್ಧಾಂತ ಒಂದೇ. ಸಲಾಂ ಅಹ್ಮದಿಯಾ ಪಂಗಡದವರಾಗಿದ್ದರಿಂದ ಅವರ ನಂಬಿಕೆಯನ್ನು ಪಾಕಿಸ್ತಾನ ಒಪ್ಪಲಿಲ್ಲ. ಅವರ ಗೋರಿಕಲ್ಲಿನ ಮೇಲಿದ್ದ ‘ಮುಸ್ಲಿಂ’ ಎಂಬ ಪದವನ್ನು ಅಳಿಸಿಹಾಕಿದರು. ನಾಸ್ತಿಕನಿಗಿಂತ ಬೇರೆ ಬಗೆಯಾಗಿ ನಂಬುವವನ ಮೇಲೆಯೇ ಧರ್ಮಗಳಿಗೆ ಸಿಟ್ಟು ಜಾಸ್ತಿ.

ಆ ಸಿಟ್ಟು ನಮ್ಮ ಸೀಮೆಯಲ್ಲೂ ಇದೆ, ಬೇರೆ ರೂಪದಲ್ಲಿ. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂ ನೋಡಿದವರಿಗೆ ಗೊತ್ತು, ಅಲೈ ದೇವರುಗಳೆಂದು ಕೂರಿಸುವ ಲೋಹದ ಪಂಜಾಗಳ ಮುಂದೆ ಸಕ್ಕರೆ ಓದಿಸುವವರಲ್ಲಿ, ಕೆಂಡ ಹಾಯುವವರಲ್ಲಿ, ಹೆಜ್ಜೆ ಹಾಕುವವರಲ್ಲಿ ಅರ್ಧಕ್ಕರ್ಧ ಮುಸ್ಲಿಮೇತರರು. ಹರಕೆ ಹೊತ್ತು ಹುಟ್ಟಿದ ಮಗನಿಗೆ ಹುಸೇನಪ್ಪ, ಫಕೀರಪ್ಪ, ಮೌಲಪ್ಪ ಎಂದು ಹೆಸರಿಟ್ಟವರು. ಕೊಲೆಯ ರಾತ್ರಿ ಎಂಬರ್ಥದ ‘ಕತ್ಲ್’ನ ರಾತ್ರಿ ಇವರ ಬಾಯಲ್ಲಿ ‘ಕತ್ತಲ ರಾತ್ರಿ’ಯಾಗಿದೆ. ಈಗ ಇದನ್ನು ಪ್ರಶ್ನಿಸುವವರು ಯಾರು? ಮಸೀದಿಯ ಪ್ರವಚನ ಕೇಳಿ, ಮೊಬೈಲಿನಲ್ಲಿ ವಿದ್ವಾಂಸರ ಭಾಷಣ ನೋಡಿ ಬಂದ ಮುಸ್ಲಿಂ ಹುಡುಗ. ಲೋಹದ ಪಂಜಾಕ್ಕೆ ಕೈ ಮುಗಿಯುವುದು ಶಿರ್ಕ್ (ಅಲ್ಲಾಹನಿಗೆ ಸಮಾನರನ್ನು ಸೇರಿಸುವ ಪಾಪ), ಗೋರಿಯನ್ನು ಬೇಡುವುದು ಬಿದ್ಅತ್ (ಧರ್ಮದಲ್ಲಿ ಇಲ್ಲದ ಹೊಸ ಆಚರಣೆ), ಸತ್ತವರು ಏನು ಕೊಟ್ಟಾರು ಎಂದು ಅವನು ತನ್ನ ಅಜ್ಜಿಯನ್ನು ಕೇಳುತ್ತಾನೆ. ಅಜ್ಜಿಯ ಪರವಾಗಿ ನಿಲ್ಲುವವನು ಹುಸೇನಪ್ಪ. ಇಲ್ಲಿ ಸಂದೇಹಿ ಯಾರು, ಆಸ್ತಿಕ ಯಾರು? ಸಾಕ್ಷ್ಯ ಕೇಳುವ ನಾಲಿಗೆ ಆ ಹುಡುಗನದು. ವಿಚಾರವಾದಿಯ ಬಾಯಲ್ಲಿ ಬರುವ ವಾಕ್ಯಗಳೇ ಅವನ ಬಾಯಲ್ಲೂ ಬರುತ್ತವೆ, ಒಂದು ಹೆಜ್ಜೆ ಮೊದಲು ನಿಲ್ಲುತ್ತವೆ ಅಷ್ಟೆ.

ಇಸ್ಲಾಮಿನ ನಂಬಿಕೆಯನ್ನು ಸಾರುವ ವಾಕ್ಯವಾದ ಕಲಿಮಾ ಶುರುವಾಗುವುದೇ ನಿರಾಕರಣೆಯಿಂದ. ‘ಲಾ ಇಲಾಹ ಇಲ್ಲಲ್ಲಾಹ್.’ ಕನ್ನಡದ ಕಿವಿಗೆ ಅದರ ನಡುವೆ ‘ಇಲ್ಲ’ ಎಂದು ಕೇಳಿಸುತ್ತದೆ, ಹಾಸ್ಟೆಲುಗಳಲ್ಲಿ ಅದನ್ನು ಹಿಡಿದು ಚೇಷ್ಟೆ ಮಾಡುವವರೂ ಇದ್ದಾರೆ. ಅರಬ್ಬಿಯಲ್ಲಿ ಆ ‘ಇಲ್ಲಾ’ ಎಂದರೆ ‘ಹೊರತು’. ‘ಇಲ್ಲ’ ಎನ್ನುವ ಪದ ಮೊದಲು ಬರುವ ‘ಲಾ’. ಯಾವ ದೇವರೂ ಇಲ್ಲ, ಅಲ್ಲಾಹನ ಹೊರತು. ನಾಸ್ತಿಕರು ಇದನ್ನೇ ಹಿಡಿದು, ‘ನೀವು ಒಬ್ಬನನ್ನು ಬಿಟ್ಟು ಉಳಿದ ಎಲ್ಲ ದೇವರನ್ನೂ ತಳ್ಳಿಹಾಕಿದ್ದೀರಿ, ನಾನು ಆ ಒಬ್ಬನನ್ನೂ ತಳ್ಳಿಹಾಕಿದೆ’ ಎನ್ನುವುದುಂಟು. ಜಾಣ ಮಾತು. ಮುಸ್ಲಿಂ ಚಿಂತಕರ ಉತ್ತರವೂ ಪೆದ್ದಲ್ಲ: ಅಲ್ಲಾಹ್ ಪಟ್ಟಿಯ ಕೊನೆಯಲ್ಲಿ ಉಳಿದ ಒಂದು ಹೆಸರಲ್ಲ, ಪಟ್ಟಿ ಇರುವುದಕ್ಕೇ ಕಾರಣವಾದವನು, ಪಟ್ಟಿಯೊಳಗಿನವರನ್ನು ಅಳಿಸಿದಂತೆ ಅವನನ್ನು ಅಳಿಸಲಾಗದು ಎನ್ನುತ್ತಾರೆ. ಒಪ್ಪುವುದು ಬಿಡುವುದು ಕೇಳಿದವನಿಗೆ ಬಿಟ್ಟದ್ದು. ಆದರೆ ಮಾತು ಇಷ್ಟು ದೂರ ಬಂದರೆ ಮಾತ್ರ ಅದು ದೇವರ ಕುರಿತ ಮಾತು.

ನಮ್ಮ ಅಂಗಡಿ ಕಟ್ಟೆಯ ಮಾತು ಇಷ್ಟು ದೂರ ಬರುವುದಿಲ್ಲ, ಬುರ್ಖಾಕ್ಕೆ ತಿರುಗಿಕೊಳ್ಳುತ್ತದೆ. ಬುರ್ಖಾ ಕುರಿತು ಕೇಳಬಾರದೇ? ಕೇಳಬೇಕು. ಮಗಳಿಗೆ ಮಗನ ಅರ್ಧದಷ್ಟೇ ಪಾಲು ಏಕೆ ಎಂದು ಇನ್ನೂ ಗಟ್ಟಿಯಾಗಿ ಕೇಳಬೇಕು. ಆದರೆ ಅವು ಕಾನೂನಿನ, ಹೆಣ್ಣಿನ ಹಕ್ಕಿನ ಪ್ರಶ್ನೆಗಳು. ದೇವರು ಇದ್ದರೂ ಅವು ಇರುತ್ತವೆ, ಇಲ್ಲದಿದ್ದರೂ ಇರುತ್ತವೆ. ಎರಡನ್ನೂ ಬೆರೆಸಿದ್ದರ ಫಲವನ್ನು ಹಿಜಾಬ್ ಪ್ರಕರಣದಲ್ಲಿ ಕಂಡಿದ್ದೇವೆ. ಓದು ಮುಂದುವರಿಸಲು ಬಂದ ಹುಡುಗಿಯ ಪ್ರಶ್ನೆ, ಇಸ್ಲಾಮಿನಲ್ಲಿ ಯಾವುದು ‘ಅತ್ಯಗತ್ಯ’ ಎಂಬ ಧರ್ಮಶಾಸ್ತ್ರದ ಪ್ರಶ್ನೆಯಾಯಿತು. 1954ರ ಶಿರೂರು ಮಠದ ತೀರ್ಪಿನಿಂದ ಬೆಳೆದುಬಂದ ಅಳತೆಗೋಲು ಅದು. 2022ರ ಮಾರ್ಚ್ 15ರಂದು ಹೈಕೋರ್ಟ್ ಅತ್ಯಗತ್ಯವಲ್ಲ ಎಂದಿತು, ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ಹುಡುಗಿಗೆ ಏನು ಬೇಕು ಎಂಬುದು ಬದಿಗೆ ಸರಿಯಿತು.

ಕ್ರಿಕೆಟ್ಟಿನ ಪ್ರಶ್ನೆಗಂತೂ ದೇವರ ಸೋಂಕೇ ಇಲ್ಲ. ಅದು ‘ನೀನು ನಮ್ಮವನೇ’ ಎಂಬ ವಿಚಾರಣೆ. ರಾಯಚೂರು, ಕೊಪ್ಪಳಗಳಲ್ಲಿ ಅದಕ್ಕೆ ಸ್ಥಳೀಯ ಬೇರುಗಳೂ ಇವೆ. 1948ರ ಸೆಪ್ಟೆಂಬರ್‌ವರೆಗೆ ಇವು ನಿಜಾಮನ ನಾಡು. ರಜಾಕಾರರ ಹಾವಳಿಯ ಕಥೆ ಕೇಳದೆ ಬೆಳೆದ ಹಳ್ಳಿಯ ಮಗು ಇಲ್ಲ. ಮದ್ರಾಸ್ ಪ್ರಾಂತ್ಯದಲ್ಲಿದ್ದು 1953ರಲ್ಲಿ ಮೈಸೂರಿಗೆ ಸೇರಿದ ಬಳ್ಳಾರಿಗೆ ಆ ನೆನಪು ಇಷ್ಟು ಹತ್ತಿರದ್ದಲ್ಲ. ನೆನಪು ನಿಜ, ನೋವೂ ನಿಜ. ಅದರ ಲೆಕ್ಕವನ್ನು ಆಗ ಹುಟ್ಟಿಯೇ ಇರದ ಮೋಟಾರು ಮೆಕ್ಯಾನಿಕ್‌ನ ಮುಂದೆ, ಅದೂ ‘ದೇವರನ್ನು ಕಂಡವರು ಯಾರು’ ಎಂಬ ತತ್ತ್ವಜ್ಞಾನದ ಅಂಗಿ ತೊಡಿಸಿ ಇಡುವುದು ಯಾವ ವಿಚಾರವಾದ?

ಸಂದೇಹ ಪ್ರಾಮಾಣಿಕವೇ ಎಂದು ತಿಳಿಯಲು ನಾನು ಕಂಡುಕೊಂಡಿರುವ ಉಪಾಯ ಒಂದೇ. ಆ ಪ್ರಶ್ನೆ ಕೇಳಿದವನ ಜೊತೆ ಅವನ ಮನೆಗೂ ಹೋಗುತ್ತದೆಯೇ ಎಂದು ನೋಡುವುದು. ಗೊಬ್ಬರದ ಅಂಗಡಿಯ ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ತೂಗುತ್ತದೆ, ರಾಹುಕಾಲದಲ್ಲಿ ಅವರು ಹೊಸ ಸರಕು ಇಳಿಸಿಕೊಳ್ಳುವುದಿಲ್ಲ. ಹಾಗೆಂದು ಅವರೊಬ್ಬರನ್ನೇ ಅನ್ನುವಂತಿಲ್ಲ. 2021ರಲ್ಲಿ ಪ್ರಕಟವಾದ ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆ ಸುಮಾರು 30 ಸಾವಿರ ಭಾರತೀಯರನ್ನು ಮಾತನಾಡಿಸಿತ್ತು. ದೇವರನ್ನು ನಂಬುತ್ತೇವೆ ಎಂದವರು ನೂರಕ್ಕೆ 97. ಇಂಥ ದೇಶದಲ್ಲಿ ಮುಸ್ಲಿಮನನ್ನು ಪ್ರಶ್ನಿಸುವ ಹೆಚ್ಚಿನ ‘ಸಂದೇಹಿ’ಗಳು ಬೇರೆ ದೇವರ ಭಕ್ತರೇ ಆಗಿರುತ್ತಾರೆ. ಮನೆಗೂ ಪ್ರಶ್ನೆ ಒಯ್ಯುವವರು ಇಲ್ಲವೆಂದಲ್ಲ. ಕೊಪ್ಪಳ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ನನಗೆ ಗೊತ್ತು. ಮಗಳ ಮದುವೆಗೆ ಮುಹೂರ್ತ ನೋಡಿಸಲಿಲ್ಲ, ತಮ್ಮನ ಗೃಹಪ್ರವೇಶದ ಹೋಮಕ್ಕೆ ಕೂರಲಿಲ್ಲ, ಅರ್ಧ ನೆಂಟರು ಅವರನ್ನು ಮಾತನಾಡಿಸುವುದಿಲ್ಲ. ಅವರು ನನ್ನ ಗೆಳೆಯನನ್ನು ‘ನಿನ್ನ ದೇವರು ಸುಳ್ಳು’ ಎಂದು ನೇರವಾಗಿಯೇ ಅನ್ನುತ್ತಾರೆ. ಗೆಳೆಯನಿಗೆ ಅವರೆಂದರೆ ಅಚ್ಚುಮೆಚ್ಚು.

ಉತ್ತರಿಸುವವನ ಕಷ್ಟ ಬೇರೆ. ‘ನಂಬುತ್ತೇನೆ’ ಎಂದರೆ ಅವನ ನಿಷ್ಠೆ ಎಲ್ಲಿದೆ ಎಂದು ಹೊರಗಿನವರು ಕೇಳುತ್ತಾರೆ. ‘ನನಗೂ ಕೆಲವೊಮ್ಮೆ ಅನುಮಾನ ಬರುತ್ತದೆ’ ಎಂದರೆ ಒಳಗಿನವರು ಬಿಡುವುದಿಲ್ಲ. ಮನಸ್ಸಿನಲ್ಲಿ ಬಾಯಿಬಿಟ್ಟು ಹೇಳಲಾರದ ಯೋಚನೆಗಳು ಬರುತ್ತವೆ ಎಂದು ಸಂಗಾತಿಗಳು ಅಳಲು ತೋಡಿಕೊಂಡಾಗ ಪ್ರವಾದಿಯವರು ‘ಅದೇ ಸ್ಪಷ್ಟವಾದ ಈಮಾನ್ (ನಂಬಿಕೆ)’ ಎಂದರೆಂದು ಹದೀಸ್ ಹೇಳುತ್ತದೆ. ಈ ಔದಾರ್ಯ ಬೀದಿಯಲ್ಲಿ ಸಿಗುವುದಿಲ್ಲ. ಕೊಯಮತ್ತೂರಿನಲ್ಲಿ ಮುಸ್ಲಿಂ ಕುಟುಂಬದಲ್ಲಿ ಹುಟ್ಟಿ ಪೆರಿಯಾರ್‌ವಾದಿ ನಾಸ್ತಿಕನಾಗಿದ್ದ ಎಚ್. ಫಾರೂಕ್ ಅವರನ್ನು 2017ರ ಮಾರ್ಚ್‌ನಲ್ಲಿ ಕೊಂದರು. ಬಂಧಿತರಾದವರು ಮುಸ್ಲಿಮರೇ. ಧಾರವಾಡದಲ್ಲಿ 2015ರ ಆಗಸ್ಟ್ 30ರ ಬೆಳಿಗ್ಗೆ ಎಂ.ಎಂ. ಕಲಬುರ್ಗಿಯವರ ಮನೆ ಬಾಗಿಲು ತಟ್ಟಿದವರನ್ನೂ ನೆನೆದರೆ, ಆಯುಧ ಹಿಡಿದವರಿಗೆ ಧರ್ಮಭೇದ ಅಷ್ಟಾಗಿ ಇಲ್ಲವೆಂದು ಕಾಣುತ್ತದೆ. ಸಿರಿಯಾದ ಕುರುಡು ಕವಿ ಅಲ್-ಮಅರ್ರಿ ಎಲ್ಲ ಧರ್ಮಗಳನ್ನೂ ಗೇಲಿ ಮಾಡುತ್ತ 1057ರವರೆಗೆ ಬಾಳಿ ತನ್ನೂರಿನಲ್ಲೇ ವಯಸ್ಸಾಗಿ ಸತ್ತ. ಅವನ ಪ್ರತಿಮೆಯ ತಲೆ ಕಡಿದದ್ದು 2013ರಲ್ಲಿ.

ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಧರ್ಮದ ಸ್ವಾತಂತ್ರ್ಯಕ್ಕಿಂತ ಮೊದಲು ಹೆಸರಿಸುತ್ತದೆ. 1976ರ ತಿದ್ದುಪಡಿ ವೈಜ್ಞಾನಿಕ ಮನೋಭಾವವನ್ನೂ ಪ್ರಶ್ನಿಸುವ ಗುಣವನ್ನೂ ನಾಗರಿಕನ ಕರ್ತವ್ಯವೆಂದಿತು. ಮತ್ತೊಂದು ಬದಿಯಲ್ಲಿ, 1927ರಲ್ಲಿ ಲಾಹೋರಿನ ಕಿರುಪುಸ್ತಕವೊಂದರ ಗಲಾಟೆಯ ನಂತರ ಬಂದ ದಂಡ ಸಂಹಿತೆಯ 295ಎ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯ 299 ಆಗಿ ಮುಂದುವರಿದಿದೆ. ದುರುದ್ದೇಶದಿಂದ ಧರ್ಮವನ್ನು ಅವಮಾನಿಸಿದರೆ ಮೂರು ವರ್ಷದವರೆಗೆ ಜೈಲು. ಧರ್ಮ ಬಿಟ್ಟವರ ದಾರಿಯೂ ಸಲೀಸಲ್ಲ. ಇಸ್ಲಾಂ ತೊರೆದ ತಮಗೆ ಆಸ್ತಿಯ ವಿಷಯದಲ್ಲಿ ಷರೀಅತ್ ಬದಲು ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯವಾಗಲಿ ಎಂದು ಕೇರಳದ ಮಹಿಳೆಯೊಬ್ಬರು ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. 2024ರ ಏಪ್ರಿಲ್‌ನಲ್ಲಿ ಕೋರ್ಟ್ ಸರ್ಕಾರಗಳಿಗೆ ನೋಟಿಸ್ ಕೊಟ್ಟಿತು.

ಆ ರಂಜಾನ್ ಮುಗಿದ ಮೇಲೆ ಒಂದು ಸಂಜೆ ಕೆಎಎಸ್ ಹುಡುಗ ಒಬ್ಬನೇ ಅಂಗಡಿಗೆ ಬಂದನಂತೆ, ಮೋಟಾರಿನ ಕೆಲಸವೇನೂ ಇಲ್ಲದೆ. ‘ಚಾಚಾ, ನಿಜ ಹೇಳಿ, ನಿಮಗೆ ಒಮ್ಮೆಯೂ ಅನುಮಾನ ಬಂದಿಲ್ಲವೇ?’ ಎಂದು ಕೇಳಿದನಂತೆ. ಗೆಳೆಯ ಎದ್ದು ಷಟರ್ ಅರ್ಧ ಕೆಳಗೆಳೆದು, ಅವನನ್ನು ಒಳಗೆ ಕೂರಿಸಿಕೊಂಡು ಒಂದು ಗಂಟೆ ಮಾತನಾಡಿದ್ದಾನೆ. ಏನು ಹೇಳಿದೆ ಎಂದು ನಾನು ಕೇಳಿದೆ. ಅವನು ಮೂರು ಅಶ್ವಶಕ್ತಿಯ ಮೋಟಾರೊಂದಕ್ಕೆ ತಂತಿ ಸುತ್ತುತ್ತಿದ್ದ. ಸುತ್ತಿನ ಎಣಿಕೆ ತಪ್ಪಬಾರದೆಂದು ಬೆರಳೆತ್ತಿ ನನ್ನನ್ನು ತಡೆದ, ಸುರುಳಿ ಮುಗಿಸಿ ಗಂಟು ಹಾಕಿದ ಮೇಲೆ, ‘ಅದು ಅವನಿಗೂ ನನಗೂ’ ಎಂದ.